ವಿಷಯ, ಎರಡು ಚುಕ್ಕಿ

ಸಾಗರದ ತಾಲ್ಲೂಕು ಕಚೇರಿ ಎದುರು
ಜೆರಾಕ್ಸ್ ಅಂಗಡಿಯ ಮೆಟ್ಟಿಲ ಪಕ್ಕ ನನ್ನ ಮೇಜು.
ಹತ್ತೊಂಬತ್ತು ವರ್ಷದಿಂದ ಒಂದೇ ಪದವನ್ನು
ದಿನಕ್ಕೆ ಮೂವತ್ತು ಸಲ ಕುಟ್ಟುತ್ತೇನೆ.
ಮಾನ್ಯರೆ, ಆಮೇಲೆ ಒಂದು ಸಾಲು ಬಿಟ್ಟು
ವಿಷಯ, ಅದರ ಮುಂದೆ ಎರಡು ಚುಕ್ಕಿ.
ಆ ಚುಕ್ಕಿಗಳ ಆಚೆ ಜನ
ಇದ್ದಬದ್ದದ್ದನ್ನೆಲ್ಲ ತಂದು ಇಳಿಸುತ್ತಾರೆ.
ಒಂದೂವರೆ ಸಾಲಿನಲ್ಲಿ ಹಿಡಿಸಿ ಕೊಡಬೇಕು,
ಕೊನೆಗೆ 'ಕುರಿತು' ಅಂತ ಮೊಳೆ ಹೊಡೆದು.

ಪೋಡಿ ಮಾಡಿಕೊಡುವ ಕುರಿತು.
ಪಡಿತರ ಚೀಟಿಯಿಂದ ಸತ್ತವರ ಹೆಸರು ತೆಗೆಯುವ ಕುರಿತು.
ಹಾಗೆ ತೆಗೆಯುವಾಗ ಹೋದ, ಬದುಕಿರುವವರ ಹೆಸರನ್ನು
ಮರಳಿ ಸೇರಿಸುವ ಕುರಿತು.

ಎಂಥ ಸಡಿಲ ಚೀಲ ಈ ಪದ!
ಏನು ತುರುಕಿದರೂ ಹಿಡಿಯುತ್ತದೆ,
ಯಾವುದರ ಮೂಲೆಯೂ ಹೊರಗೆ ಚುಚ್ಚುವುದಿಲ್ಲ.
ಬೆಳಗಿನ ಜಾವ ಫೋನು ಬಂದು
"ವಿಷ್ಯ ಗೊತ್ತಾಯ್ತಾ?" ಅಂದರೆ
ಯಾರು ಅಂತ ಮಾತ್ರ ಕೇಳಬೇಕು.
ಅದೇ ಮಾತು ಸಂಜೆ ಐದಕ್ಕೆ, ಹೋಟೆಲಿನಲ್ಲಿ,
ಯಾರದೋ ಮಗಳು ಯಾರದೋ ಬೈಕು ಹತ್ತಿದ್ದು.
ಹತ್ತನೇ ಕ್ಲಾಸಿನಲ್ಲಿ ನನ್ನವು ಎರಡು ವಿಷಯ ಹೋದವು,
ಎಲ್ಲಿಗೆ ಹೋದವೋ, ತಿರುಗಿ ಬರಲಿಲ್ಲ.
ಮೊನ್ನೆ ಪ್ರವಚನದ ಮೈಕಿನಲ್ಲಿ ಯಾರೋ
ವಿಷಯಗಳನ್ನು ತ್ಯಜಿಸಿರಿ ಅನ್ನುತ್ತಿದ್ದರು.
ತ್ಯಜಿಸಿದರೆ ನನಗೆ ಒಂದಕ್ಕೆ ನಲವತ್ತು ರೂಪಾಯಿ ಲುಕ್ಸಾನು.
ಮನೆಯಲ್ಲಿ ಅಮ್ಮಿಗೆ ಈ ತಾಪತ್ರಯವಿಲ್ಲ,
ಆಡಿದ್ದೂ ಬಾತ್,
ಆಡದೆ ನುಂಗಿದ್ದೂ ಬಾತ್.

ಗುತ್ಯಮ್ಮ ಬಂದದ್ದು ಒಂದು ಮಂಗಳವಾರ,
ಹಿನ್ನೀರಿನ ಆಚೆ ಕಡೆಯಿಂದ.
"ಒಂದು ಅರ್ಜಿ ಬರಿ ಮಾರಾಯ್ತಿ."
ವಿಷಯ ಹೇಳಿ.
"ವಿಷ್ಯ ಅಂತ ಎಂತದೂ ಇಲ್ಲ."
ಜಾಗದ್ದಾ? ಅಲ್ಲ.
ಪರಿಹಾರ? ಅದು ಅಪ್ಪನ ಕಾಲಕ್ಕೇ ಕರಗಿತು.
ಪಿಂಚಣಿ? ಬರ್ತದೆ, ಬಂದಾಗ.

ಹುಟ್ಟಿದ ಊರು ಮುಳುಗಿ ಅರವತ್ತು ವರ್ಷ.
ಕಾಗದದಲ್ಲಿ ಮಾತ್ರ ಅದು ಇನ್ನೂ ಒಣಗಿಕೊಂಡೇ ಇದೆಯಂತೆ,
ಹೆಸರಿನ ಪಕ್ಕ ಬೇಚರಾಕ್ ಅಂತ ಬರೆಸಿಕೊಂಡು.
ಯಾವನೋ ಗುಮಾಸ್ತ ಓದಿ ಹೇಳಿದ್ದಾನೆ.
"ಹಂಗಂದ್ರೆ ಎಂತ?"

ಜನ ಇಲ್ಲದ ಊರು, ಅಂದೆ.
ಕಚೇರಿಯವರೆಲ್ಲ ಹಾಗೇ ಹೇಳುವುದು.
ಅಲ್ಲಿಗೇ ನಿಲ್ಲಿಸಬಹುದಿತ್ತು.
ಆದರೆ ಚಿರಾಗ್ ಅಂದರೆ ನಮ್ಮ ಮನೆಯಲ್ಲಿ ದೀಪ,
ಸವೆದ ಪದದೊಳಗೆ ಅದು ನನಗೆ ಕಂಡುಬಿಟ್ಟಿತು.
ದೀಪ ಇಲ್ಲದ್ದು, ಅಂದೆ.

ಗುತ್ಯಮ್ಮ ಸೆರಗಿನ ಗಂಟು ಬಿಚ್ಚಿ ಮತ್ತೆ ಕಟ್ಟಿದಳು.
"ಸುಳ್ಳು.
ಬುಡ್ಡಿ ದೀಪ, ಒಲೆದಂಡೆ ಮೇಲೆ.
ಲಾರಿ ಹತ್ತೋ ದಿನ ಎಲ್ಲ ಹೊತ್ಕೊಂಡ್ವಿ,
ಬೀಸೋಕಲ್ಲು ಸಮೇತ.
ಅದನ್ನ ಮಾತ್ರ ಅವ್ವ ಆರಿಸ್ಲಿಲ್ಲ, ಹಂಗೇ ಬಿಟ್ಟು ಬಂದ್ಲು.
ಅದನ್ನ ಬರಿ."

ಸಾಹೇಬರು ಏನು ಮಾಡಬೇಕು ಅಂತ ಬರೆಯಲಿ?
"ಮಾಡೋದೆಂತದು. ಬರ್ಕಳ್ಳಿ."

ಕುಟ್ಟಿದೆ. ವಿಷಯ, ಎರಡು ಚುಕ್ಕಿ,
ದೀಪ ಆರಿಸದೆ ಬಂದಿರುವ ಕುರಿತು.
ಓದಿದರೆ ನನಗೇ ನಗು ಬಂತು, ಟಪಾಲಿನವರು ಬಿಡುತ್ತಾರೆಯೇ?
ಹಾಳೆ ಎಳೆದು ಇನ್ನೊಂದು ಸೇರಿಸಿದೆ.
ಗ್ರಾಮದ ದಾಖಲೆ ತಿದ್ದುಪಡಿ ಮಾಡುವ ಕುರಿತು.
ಓದಿ ಹೇಳಿದೆ.
ವಿಷಯವೇ ಇಲ್ಲವೆಂದಿದ್ದ ಗುತ್ಯಮ್ಮ ತಲೆಯಾಡಿಸಿದಳು,
"ಅದು ಬೇರೆ ವಿಷ್ಯ."

ಮೂರನೇ ಹಾಳೆಯಲ್ಲಿ
ಚುಕ್ಕಿಗಳ ಮುಂದೆ ಏನನ್ನೂ ಕುಟ್ಟಲಿಲ್ಲ.
ಬುಡ್ಡಿ, ಒಲೆದಂಡೆ, ಬೀಸುವ ಕಲ್ಲು ಎಲ್ಲ ಕೆಳಗೆ ಬರೆದೆ.
ಟಪಾಲಿನ ಯೋಗೀಶ ಮೇಲೆ ನೋಡಿದ, ಕೆಳಗೆ ನೋಡಿದ,
ಖಾಲಿ ಜಾಗ ಕಂಡಿತಲ್ಲ, ಅಲ್ಲಿಗೇ
ದುಂಡು ಮೊಹರು ಒತ್ತಿ ನಂಬರು ಹಾಕಿದ.

ಅದರದ್ದೊಂದು ಜೆರಾಕ್ಸ್ ಬೇಕೆಂದಳು.
ಒಳಗೆ ಮಿಷನ್ನು ಬಿಸಿಯಾಗುವಷ್ಟರಲ್ಲಿ ಕರೆಂಟು ಹೋಯಿತು.
ಮೆಟ್ಟಿಲ ಮೇಲೆ ಇಬ್ಬರೂ ಕೂತೆವು,
ಅವಳ ಎಲೆಯಡಿಕೆ ಚೀಲ ನಡುವೆ ಇಟ್ಟುಕೊಂಡು.